ಜಾರುವುದೂ ಹಿಡಿಯುವುದೂ

ಮೊನ್ನೆ ಸಂಜೆ ನಮ್ಮ ಮನೆಯ ಬಾಗಿಲು ಕಿರುಗುಟ್ಟುತ್ತಿದ್ದುದನ್ನು ಸಹಿಸಲಾರದೆ ಅದರ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟೆನು. ಬಾಗಿಲು ಸುಮ್ಮನಾಯಿತು. ಅಷ್ಟರಲ್ಲಿ ದೀಪ ಆರಿಹೋಗಲು, ಅದೇ ಕೈಯಿಂದ ಬೆಂಕಿಪೆಟ್ಟಿಗೆಯನ್ನು ತೆಗೆದು ಕಡ್ಡಿ ಗೀಚಿದೆನು. ಒಂದಲ್ಲ, ಮೂರು ಕಡ್ಡಿಗಳು ಜಾರಿದುವೇ ಹೊರತು ಹೊತ್ತಿಕೊಳ್ಳಲಿಲ್ಲ. ಪೆಟ್ಟಿಗೆಯ ಮಗ್ಗುಲಿಗೆಲ್ಲ ಎಣ್ಣೆ ಮೆತ್ತಿದ್ದಿತು. ಒಂದು ಗಳಿಗೆಯಲ್ಲಿ ಘರ್ಷಣೆಯನ್ನು ಮನೆಯಿಂದ ಹೊರಗಟ್ಟಿ, ಮರುಗಳಿಗೆಯಲ್ಲಿಯೇ ಅದಿಲ್ಲವೆಂದು ಪರಿತಪಿಸಿದ ನನ್ನ ಅವಸ್ಥೆಯು ಮನುಷ್ಯಕುಲದ ಬಲು ಹಳೆಯ ಅವಸ್ಥೆ. ಅದರ ಚರಿತ್ರೆಯ ಕೆಲವು ಪುಟಗಳನ್ನು ಈ ದಿನ ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಈಜಿಪ್ಟು ದೇಶದ ದೇರ್ ಎಲ್ ಬರ್ಷಾ ಎಂಬಲ್ಲಿ ಜೆಹುತಿಹೋತೆಪ್ ಎಂಬ ಅಧಿಕಾರಿಯ ಗೋರಿಯುಂಟು. ಅದು ಸುಮಾರು 3,900 ವರ್ಷಗಳ ಹಿಂದಿನದು. ಅದರ ಗೋಡೆಯ ಮೇಲೆ ಬರೆದಿದ್ದ ಚಿತ್ರವೊಂದು ಲೋಕಪ್ರಸಿದ್ಧವಾಗಿದೆ. ಒಂದು ಮಹಾವಿಗ್ರಹವನ್ನು ಗಾಲಿಯಿಲ್ಲದ ಮರದ ಜಾರುಬಂಡಿಯ ಮೇಲೆ ಕೂರಿಸಿ, ನಾಲ್ಕು ಸಾಲಾಗಿ ನಿಂತ 172 ಮಂದಿ ಹಗ್ಗ ಹಿಡಿದು ಎಳೆಯುತ್ತಿರುವರು. ಬಂಡಿಯ ಮೂತಿಯ ಬಳಿ ನಿಂತ ಒಬ್ಬನು ಮುಂದಿನ ನೆಲಕ್ಕೆ ನೀರು ಸುರಿಯುತ್ತಿರುವನು. ಇದು ಯಾವುದೋ ಪೂಜೆಯ ಅಂಗವಾಗಿರಬೇಕೆಂದು ಅನೇಕ ವಿದ್ವಾಂಸರು ಬಹುಕಾಲ ಭಾವಿಸಿದ್ದರು. ತಮಗೆ ಅರ್ಥವಾಗದುದೆಲ್ಲ ವಿದ್ವಾಂಸರಿಗೆ ಪೂಜೆಯಾಗಿ ತೋರುವುದು ಹೊಸದೇನೂ ಅಲ್ಲ! 2014ರಲ್ಲಿ ಆಮ್‌ಸ್ಟರ್‌ಡಾಂ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಮರಳಿನ ಮೇಲೆ ಚಿಕ್ಕದೊಂದು ಜಾರುಬಂಡಿಯನ್ನೆಳೆದು ಪರೀಕ್ಷೆಮಾಡಿದರು. ಒಣ ಮರಳು ಬಂಡಿಯ ಮುಂದೆ ಗುಡ್ಡೆಯಾಗಿ ಅಡ್ಡಗಟ್ಟುವುದು. ಹದವಾಗಿ ನೆನೆದ ಮರಳಾದರೋ ಗಟ್ಟಿಯಾಗಿ ನಿಲ್ಲುವುದು. ಎಳೆಯಲು ಬೇಕಾದ ಬಲವು ಅರ್ಧಕ್ಕೆ ಇಳಿಯುವುದು. ನೀರು ಮಿತಿಮೀರಿದರೆ ಆ ಲಾಭವೂ ಹೋಗುವುದು. ನೀರೆರೆದವನು ಪುರೋಹಿತನೋ ಅಲ್ಲವೋ, ಹದ ಬಲ್ಲವನಂತೂ ಅಹುದು. ಇನ್ನೊಂದನ್ನು ಮರೆಯಬಾರದು: ಎಳೆಯುವವರ ಅಂಗಾಲು ನೆಲವನ್ನು ಹಿಡಿಯದೆ ಜಾರಿದ್ದರೆ 172 ಮಂದಿಯ ತೋಳ್ಬಲವೂ ವ್ಯರ್ಥವಾಗುತ್ತಿದ್ದಿತು.

ಹೀಗೆ ಕೈಗೆ ತಿಳಿದಿದ್ದ ವಿದ್ಯೆಯು ಲೆಕ್ಕಕ್ಕೆ ಸಿಕ್ಕುವುದಕ್ಕೆ ಬಹಳ ಕಾಲ ಹಿಡಿಯಿತು. ಲಿಯೊನಾರ್ಡೊ ದ ವಿಂಚಿ ಕಂಡುಕೊಂಡುದು ಅವನ ಟಿಪ್ಪಣಿಗಳಲ್ಲಿಯೇ ಉಳಿಯಿತು. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುವುದು, ತಾಗುವ ತಳದ ವಿಸ್ತಾರ ಅಷ್ಟು ಮುಖ್ಯವಲ್ಲ ಎಂಬುದನ್ನು 1699ರಲ್ಲಿ ಫ್ರಾನ್ಸಿನ ಅಮಾಂತಾನ್ ಎಂಬಾತನು ಪ್ಯಾರಿಸಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದನು. ಮುಂದೆ ಕೂಲಾಂ ಎಂಬ ಸೈನ್ಯದ ಎಂಜಿನಿಯರು ಇದನ್ನು ವಿಸ್ತಾರವಾಗಿ ಪರೀಕ್ಷಿಸಿ 1781ರಲ್ಲಿ ಅದೇ ಪರಿಷತ್ತಿನ ಬಹುಮಾನವನ್ನು ಪಡೆದನು.

ಪುಸ್ತಕದಲ್ಲಿ ನಿಯಮವಿದ್ದರೂ ಮನಸ್ಸಿನ ಭಯ ಹೋಗಬೇಕಷ್ಟೆ. ಇಂಗ್ಲೆಂಡಿನಲ್ಲಿ ಉಗಿಬಂಡಿ ಹುಟ್ಟಿದ ಕಾಲದಲ್ಲಿ, ನುಣುಪಾದ ಕಬ್ಬಿಣದ ಗಾಲಿಯು ನುಣುಪಾದ ಹಳಿಯ ಮೇಲೆ ನಿಂತಲ್ಲಿಯೇ ತಿರುಗೀತೇ ಹೊರತು ಭಾರವನ್ನು ಎಳೆಯಲಾರದು ಎಂಬ ಶಂಕೆ ಬಲವಾಗಿದ್ದಿತು. ಆದುದರಿಂದ 1812ರಲ್ಲಿ ಬ್ಲೆಂಕಿನ್‌ಸಾಪ್ ಎಂಬಾತನು ಲೀಡ್ಸ್ ಪಟ್ಟಣದ ಬಳಿ ಹಲ್ಲುಗಳುಳ್ಳ ಹಳಿಯನ್ನು ಹಾಸಿ, ಅದಕ್ಕೆ ಕಚ್ಚುವ ಹಲ್ಲುಗಾಲಿಯಿಂದ ಬಂಡಿಯನ್ನು ನಡೆಸಿದನು. ವೈಲಂ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿದ್ದ ವಿಲಿಯಂ ಹೆಡ್ಲಿಗೆ ಇದು ಒಪ್ಪಿಗೆಯಾಗಲಿಲ್ಲ. ಆತನು ಭಾರ ಹೇರಿದ ಬಂಡಿಯೊಂದರ ಗಾಲಿಗಳನ್ನು ಆಳುಗಳ ಕೈಯಿಂದ ತಿರುಗಿಸಿ ನೋಡಿದನು. ಬಂಡಿಯ ಸ್ವಂತ ತೂಕವೇ ಗಾಲಿಗೆ ಬೇಕಾದ ಹಿಡಿತವನ್ನು ಕೊಟ್ಟಿತು. ಅಮಾಂತಾನನ ಮಾತೇ ನಿಜವಾಯಿತು. ಹಾಗೆಂದು ಬ್ಲೆಂಕಿನ್‌ಸಾಪನನ್ನು ನಗುವಂತಿಲ್ಲ. ನಮ್ಮ ನೆರೆಯ ನೀಲಗಿರಿಯಲ್ಲಿ ಕಲ್ಲಾರಿನಿಂದ ಕೂನೂರಿಗೆ ಹನ್ನೆರಡು ಅಡಿಗೆ ಒಂದಡಿಯಂತೆ ಏರುವ ಹಾದಿಯಲ್ಲಿ ತೂಕದ ಹಿಡಿತ ಸಾಲದು. 1899ರಲ್ಲಿ ತೆರೆದ ಆ ರೈಲು ಇಂದಿಗೂ ಹಲ್ಲುಹಳಿಯನ್ನು ಕಚ್ಚಿಕೊಂಡೇ ಬೆಟ್ಟವೇರುವುದು.

ಕುಸ್ತಿಯ ಕಣದಲ್ಲಿ ಈ ಪ್ರಶ್ನೆ ಮತ್ತಷ್ಟು ತೊಡಕಾಗುವುದು. ನನ್ನ ಕಾಲಿಗೆ ನೆಲದ ಹಿಡಿತ ಬೇಕು. ನನ್ನ ಮೈ ಮಾತ್ರ ಎದುರಾಳಿಯ ಹಿಡಿತಕ್ಕೆ ಸಿಕ್ಕಬಾರದು. ಪುರಾತನ ಗ್ರೀಕರ ಜಟ್ಟಿಗಳು ಮೈಗೆ ಎಣ್ಣೆ ಬಳಿದುಕೊಂಡು, ಅದರ ಮೇಲೆ ನುಣ್ಣನೆಯ ಧೂಳನ್ನೆರಚಿಕೊಂಡು ಕಣಕ್ಕಿಳಿಯುತ್ತಿದ್ದರು. ತುರ್ಕಿ ದೇಶದ ಎದಿರ್ನೆ ಪಟ್ಟಣದಲ್ಲಿ ಧೂಳಿಲ್ಲ, ಎಣ್ಣೆಯೇ ಎಲ್ಲ. ಜಾರುವ ಮೈಯನ್ನು ಹಿಡಿಯುವುದೇ ಅಲ್ಲಿನ ಪಂಥ. ನಮ್ಮ ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣನ್ನು ಅಗೆದು ಹದಮಾಡುವರು. ಬೆವರಿ ಜಾರುವ ಮೈಗೆ ಪೈಲ್ವಾನನು ಹಿಡಿ ಮಣ್ಣನ್ನು ಉಜ್ಜುವನು. ಗೆದ್ದವನು ಜಾರಿಕೆಯಿಂದ ಗೆದ್ದನೆಂಬ ಅಪವಾದಕ್ಕೆ ಇಲ್ಲಿ ಎಡೆ ಕಡಮೆ. ಪಕ್ಷಪಾತವೆಂದರೂ ಸರಿ, ನನಗೆ ನಮ್ಮ ಪದ್ಧತಿಯೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಕಣಕ್ಕೂ ಬೀದಿಗೂ ಸಮಾನವಾಗಿ ಸಲ್ಲುವ ಯಂತ್ರವೆಂದರೆ ಬೈಸಿಕಲ್ಲು. 1869ರಲ್ಲಿ ಪ್ಯಾರಿಸಿನಿಂದ ರೂವಾಂ ಪಟ್ಟಣಕ್ಕೆ ನಡೆದ ಪಂದ್ಯದಲ್ಲಿ ಜೇಮ್ಸ್ ಮೂರ್ ಎಂಬಾತನು ಗೆದ್ದ ಬೈಸಿಕಲ್ಲಿನ ಅಚ್ಚಿಗೆ ಉಕ್ಕಿನ ಗುಂಡುಗಳನ್ನು ಕೂಡಿಸಿದ್ದರು. ಉಜ್ಜಬೇಕಾದೆಡೆಯಲ್ಲಿ ಉರುಳುವುದರಿಂದ ಶ್ರಮ ಉಳಿಯಿತು. ಅಚ್ಚಿನಲ್ಲಿ ಘರ್ಷಣೆ ಇರಕೂಡದು. ಅಲ್ಲಿಂದ ಒಂದೂವರೆ ಗೇಣು ದೂರದ ಟೈರಿನಲ್ಲಿ, ಬ್ರೇಕಿನಲ್ಲಿ ಇಲ್ಲದೆ ತೀರದು. ನನ್ನ ವಿದ್ಯಾರ್ಥಿಯೊಬ್ಬನು ರಜದ ದಿನ ತನ್ನ ಬೈಸಿಕಲ್ಲಿಗೆ ಧಾರಾಳವಾಗಿ ಎಣ್ಣೆ ಹಾಕಿದನು. ಎಣ್ಣೆ ಗಾಲಿಯ ಅಂಚಿಗೂ ಹರಿದುದನ್ನು ನೋಡದೆ ಚಾಮುಂಡಿ ಬೆಟ್ಟದಿಂದ ಇಳಿಯತೊಡಗಿದನು. ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಪುಣ್ಯಕ್ಕೆ ಪೊದೆಯೊಂದು ತಡೆಯಿತು. ಮುಂಗೈ ಮುರಿದು ಆರು ವಾರ ಕಟ್ಟಿನಲ್ಲಿದ್ದಿತು. ಪರೀಕ್ಷೆಯನ್ನು ಎಡಗೈಯಲ್ಲಿ ಬರೆದನು. ಈಗ ಅವನ ಬೈಸಿಕಲ್ಲಿನ ಚೀಲದಲ್ಲಿ ಎಣ್ಣೆಯ ಡಬ್ಬಿಯ ಜೊತೆಗೆ ಒಂದು ಒಣ ಬಟ್ಟೆಯೂ ಇರುತ್ತದೆ.