ಘಟ್ಟದ ಮೇಲಿನ ಗೆರೆ



ಬಣಕಲ್ಲಿನಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ ತಾಲ್ಲೂಕು. ಧರ್ಮಸ್ಥಳದ ಹರಕೆಗೂ ಮಂಗಳೂರಿನ ಆಸ್ಪತ್ರೆಗೂ ನಮಗೆ ಅದೇ ದಾರಿ. ಆದರೂ ಲೋಕಸಭೆಗೆ ನಾವು ಮತ ನೀಡುವುದು ಅವರೊಡನಲ್ಲ, ದೂರದ ಕುಂದಾಪುರದವರೊಡನೆ. ಹೀಗೇಕೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ.

1952ರ ಮೊದಲ ಚುನಾವಣೆಯಲ್ಲಿ ನಮ್ಮದು ಹಾಸನ-ಚಿಕ್ಕಮಗಳೂರು ಕ್ಷೇತ್ರ, ಗೆದ್ದವರು ಎಚ್. ಸಿದ್ಧನಂಜಪ್ಪನವರು. 1967ರಲ್ಲಿ ಚಿಕ್ಕಮಗಳೂರು ತನ್ನದೇ ಹೆಸರಿನ ಕ್ಷೇತ್ರವಾಯಿತು. 1976ರ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಘಟ್ಟದ ಕೆಳಗಿನ ಕಾರ್ಕಳ, ಬೆಳ್ತಂಗಡಿಗಳೂ ಇದರಲ್ಲಿದ್ದವು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದು ಈ ಕ್ಷೇತ್ರದಲ್ಲಿಯೇ.

1976ರಲ್ಲಿಯೇ ಸಂವಿಧಾನದ 42ನೇ ತಿದ್ದುಪಡಿಯು ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆಯನ್ನು ಸ್ಥಗಿತಗೊಳಿಸಿತು. ಜನಸಂಖ್ಯೆಯನ್ನು ನಿಯಂತ್ರಿಸಿದ ರಾಜ್ಯಗಳು ಸ್ಥಾನ ಕಳೆದುಕೊಳ್ಳಬಾರದೆಂಬುದು ಇದರ ಆಶಯ. ಕರ್ನಾಟಕದ 28 ಸ್ಥಾನಗಳು ಹಾಗೆಯೇ ಉಳಿದವು. ಆದರೆ ರಾಜ್ಯ ರಾಜ್ಯಗಳ ನಡುವೆ ದೊರೆತ ಈ ರಕ್ಷಣೆ, ರಾಜ್ಯದೊಳಗಿನ ಜಿಲ್ಲೆಗಳಿಗೆ ದೊರೆಯಲಿಲ್ಲ. 2003ರ 87ನೇ ತಿದ್ದುಪಡಿಯಂತೆ 2001ರ ಜನಗಣತಿಯನ್ನು ಹಿಡಿದು ಒಳಗಿನ ಗೆರೆಗಳನ್ನು ಮತ್ತೆ ಎಳೆಯಲಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ಆ ಗೆರೆಗಳು 2008ರಲ್ಲಿ ಜಾರಿಗೆ ಬಂದವು.

ತರಗತಿಯಲ್ಲಿ ಮಾಡುತ್ತಿದ್ದಂತೆ ಇಲ್ಲಿಯೂ ಒಂದು ಲೆಕ್ಕ ಮಾಡೋಣ. ಆಗ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ. 224 ವಿಧಾನಸಭಾ ಸ್ಥಾನಗಳಿಗೆ ಭಾಗಿಸಿದರೆ ಒಂದಕ್ಕೆ ಸುಮಾರು 2.36 ಲಕ್ಷ. 11.4 ಲಕ್ಷ ಜನರಿದ್ದ ನಮ್ಮ ಜಿಲ್ಲೆಗೆ ಸಲ್ಲುವುದು ಐದೇ ಸ್ಥಾನ. ಬೀರೂರು ಕ್ಷೇತ್ರ ಮರೆಯಾಯಿತು. ಲೋಕಸಭೆಗಾದರೆ ಸರಾಸರಿ ಸುಮಾರು 19 ಲಕ್ಷ. ನಮ್ಮ ಜಿಲ್ಲೆಯೊಂದೇ ಕ್ಷೇತ್ರವಾಗುವುದು ಅಸಾಧ್ಯ. ಕಡೂರು ಹಾಸನಕ್ಕೆ ಸೇರಿತು, ಬೆಳ್ತಂಗಡಿ ದಕ್ಷಿಣ ಕನ್ನಡಕ್ಕೆ ಹೋಯಿತು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳ ಜೊತೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಕೂಡಿ ‘ಉಡುಪಿ ಚಿಕ್ಕಮಗಳೂರು’ ಕ್ಷೇತ್ರವಾಯಿತು. 2009ರಲ್ಲಿ ಅದರ ಮೊದಲ ಸಂಸದರಾದವರು ಡಿ.ವಿ. ಸದಾನಂದಗೌಡರು.

ಪ್ರತಿಯೊಬ್ಬರ ಮತಕ್ಕೂ ಸಮಾನ ಬೆಲೆ ಇರಬೇಕೆಂಬ ತತ್ತ್ವದೊಡನೆ ನನಗೆ ಜಗಳವಿಲ್ಲ. ಕರಾವಳಿಯವರೂ ನಮಗೆ ಪರಕೀಯರಲ್ಲ. ಆದರೆ ಒಬ್ಬರೇ ಪ್ರತಿನಿಧಿ ಮೀನುಗಾರರ ಬಂದರನ್ನೂ ಕಾಫಿ ತೋಟಕ್ಕೆ ನುಗ್ಗುವ ಕಾಡಾನೆಯನ್ನೂ ನೋಡಿಕೊಳ್ಳಬೇಕು. ಅಲ್ಲಿ ಜನ ವಿರಳವಾದ ಕಡೆಯ ದನಿ ಕ್ಷೀಣಿಸುವ ಭಯ ನನಗಿದೆ.

ಆ ಭಯಕ್ಕೆ ಕಾರಣವೂ ಉಂಟು. 2001ರಲ್ಲಿ 11,40,905 ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯ ಬೆಳೆಯುತ್ತಿದ್ದಾಗ ನಾವು ಕುಗ್ಗಿದೆವು. ಓದಿ ಬೆಂಗಳೂರು ಸೇರಿದ ನೀವೂ ಆ ಲೆಕ್ಕದಲ್ಲಿದ್ದೀರಿ. ಇದು ದೂರಲ್ಲ, ನೀವು ಓದಿ ಮುಂದೆ ಬರಲೆಂದೇ ನಾವು ಪಾಠ ಹೇಳಿದ್ದು. ಆದರೆ ಮುಂದೆ ಗೆರೆ ಎಳೆಯುವವರು ಎಣಿಸುವುದು ಇಲ್ಲಿ ಉಳಿದವರನ್ನು ಮಾತ್ರ. ಆಯೋಗವು ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯುವುದು ಕ್ರಮ. ಆ ದಿನ ಬಂದಾಗ ನಮ್ಮ ಘಾಟಿಯ ದಾರಿ ಎತ್ತ ಹೋಗುತ್ತದೆಂಬುದನ್ನು ಬರೆದು ತಿಳಿಸಲು ಊರಿನವರ ಜೊತೆ ನೀವೂ ಕೈಜೋಡಿಸಬೇಕೆಂದು ನನ್ನ ಕೋರಿಕೆ.