ಟೇಲರನ ರಾಣಿಯೂ ನಮ್ಮ ಸೀಮೆಯೂ

ಸನ್ನತಿಯ ಚಂದ್ರಲಾಂಬೆಯ ಗುಡಿಯನ್ನು ತಾವು ನೋಡಿರಬಹುದು. ಭೀಮೆಯ ದಂಡೆಯ ಆ ಕ್ಷೇತ್ರದಲ್ಲಿ 1986 ರಲ್ಲಿ ಕಾಳಿಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿದುಬಂದಿತು. ಮೂರ್ತಿಯನ್ನು ನಿಲ್ಲಿಸಲು ಯಾರೋ ಅದರ ನಡುವೆ ತೂತು ಕೊರೆದಿದ್ದರು. ಹೋದ ಅಕ್ಷರಗಳು ಹೋದವು. ಉಳಿದವನ್ನು ವಿದ್ವಾಂಸರು ಓದಿದರು.

ಈ ಸಂಗತಿಯನ್ನು ನಮ್ಮ ಹೈಸ್ಕೂಲಿನ ಮಕ್ಕಳಿಗೆ ಅಲ್ಲಿಯೇ ವಿವರಿಸಿ, ಮರಳುವ ದಾರಿಯಲ್ಲಿ ಚಾಂದಬೀಬಿಯ ಕಥೆ ಎತ್ತಿಕೊಂಡೆ. ಮೊಗಲರು ಅಹಮದನಗರದ ಕೋಟೆಗೋಡೆ ಸಿಡಿಸಿದ್ದು, ಆಕೆ ಮುಸುಕು ಹಾಕಿಕೊಂಡೇ ಕತ್ತಿ ಹಿರಿದು ಬಿರುಕಿನಲ್ಲಿ ನಿಂತದ್ದು, ಗುಂಡು ತೀರಿದಾಗ ಬೆಳ್ಳಿ ಬಂಗಾರದ ನಾಣ್ಯಗಳನ್ನೇ ತೋಪಿಗೆ ತುಂಬಿಸಿದ್ದು. “ಇದು ಖರೇ ಏನ್ರಿ ಸರ? ಇದನ್ನೂ ಕಲ್ಲಿನ್ಯಾಗ ಬರದಾರೇನ್ರಿ?” ಎಂದು ಒಬ್ಬ ಹುಡುಗಿ ಕೇಳಿದಳು. ನಾನು ತಡವರಿಸಿದೆ. ನನ್ನ ಕಥೆಗೆ ಬಣ್ಣ ಕಟ್ಟಿದ್ದುದು ಒಂದು ಇಂಗ್ಲಿಷ್ ಕಾದಂಬರಿ.

ಅದು ಫಿಲಿಪ್ ಮೆಡೋಸ್ ಟೇಲರನ ‘ಎ ನೋಬಲ್ ಕ್ವೀನ್’. ಈತ ನಿಜಾಮನ ಸೇವೆಗೆ ಸೇರಿ, 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿದವನು. 1876 ರಲ್ಲಿ ತೀರಿಕೊಂಡ. ಕಾದಂಬರಿ ಪ್ರಕಟವಾದದ್ದು 1878 ರಲ್ಲಿ.

ಇದರ ಗುಣವನ್ನು ಮೊದಲು ಹೇಳಬೇಕು. ಕಥೆ ಆರಂಭವಾಗುವುದೇ ನಮ್ಮ ಕೃಷ್ಣೆಯ ಮೇಲೆ, ಜಲದುರ್ಗದ ಬಳಿಯಲ್ಲಿ. ಭೋರ್ಗರೆಯುವ ಹೊಳೆ, ಅಂಬಿಗರು, ಹರಿಗೋಲು, ಬೇಡರ ಪಡೆ, ಮುದಗಲ್ಲಿನ ಕ್ರೈಸ್ತರು — ಯಾವುದೂ ಲಂಡನ್ನಿನಲ್ಲಿ ಕುಳಿತು ಊಹಿಸಿದ್ದಲ್ಲ. ಟೇಲರ್ ಈ ಸೀಮೆಯನ್ನು ಕುದುರೆಯ ಮೇಲೆ ಸುತ್ತಿದವನು. ಜೇವರ್ಗಿಯ ಕಡೆಯ ಪುರಾತನ ಕಲ್ಗೋರಿಗಳನ್ನು ಅಗೆಸಿ ನೋಡಿದವನು. ಕಲ್ಲು ಮಣ್ಣಿನ ಬಣ್ಣದಲ್ಲಿ ಆತ ತಪ್ಪುವುದು ಅಪರೂಪ. ನಮ್ಮ ಎಷ್ಟೋ ಐತಿಹಾಸಿಕ ಕಾದಂಬರಿಗಳಲ್ಲಿ ಊರಿನ ಹೆಸರು ಬದಲಿಸಿದರೆ ಊರೇ ಬದಲಾಗುತ್ತದೆ, ಅಷ್ಟೆ!

ದೋಷವಿರುವುದು ರಾಣಿಯಲ್ಲಿ. ಹೆಸರು ಆಕೆಯದು, ಕಥೆ ಬಹುಮಟ್ಟಿಗೆ ಅಬ್ಬಾಸಖಾನನೆಂಬ ತರುಣನದು, ಆತನು ಮೆಚ್ಚಿದ ಜೋಹರಾಳದು. ಅಪಹರಣ, ಬಿಡುಗಡೆ, ಕಾಕತಾಳೀಯ ಭೇಟಿ ಇವುಗಳಿಗೆ ಕೊರತೆಯಿಲ್ಲ. ರಾಣಿ ಬಂದಾಗಲೆಲ್ಲ ಕಳಂಕವಿಲ್ಲದ ಪ್ರತಿಮೆಯಾಗಿ ಬರುತ್ತಾಳೆ. ಚರಿತ್ರೆಯ ಚಾಂದಬೀಬಿಯೋ, ಗಂಡ ಅಲಿ ಆದಿಲಶಾಹ 1580 ರಲ್ಲಿ ಕೊಲೆಯಾದ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ಬಿಜಾಪುರವನ್ನು ನಡೆಸಿದವಳು. ಸಾತಾರೆಯ ಕೋಟೆಯಲ್ಲಿ ಸೆರೆಯಿದ್ದವಳು. ಅಹಮದನಗರವನ್ನು ಉಳಿಸಿಕೊಂಡದ್ದು ಶೌರ್ಯವೊಂದರಿಂದಲೇ ಅಲ್ಲ, 1596 ರಲ್ಲಿ ಬೀರಾರ ಪ್ರಾಂತವನ್ನು ಬಿಟ್ಟುಕೊಟ್ಟು ಸಂಧಿ ಮಾಡಿದ್ದರಿಂದ. 1600 ರಲ್ಲಿ ಮತ್ತೆ ಸಂಧಿಯ ಮಾತೆತ್ತಿದಾಗ, ದ್ರೋಹಿಯೆಂದು ಆಕೆಯನ್ನು ಕೊಂದವರು ಕೋಟೆಯೊಳಗಿನ ಸ್ವಂತ ಜನ. ಲಾಭನಷ್ಟ ತೂಗಿ ನೋಡುವ ಈ ದಣಿದ ಹೆಂಗಸು ಕಾದಂಬರಿಯಲ್ಲಿ ನನಗೆ ಸಿಕ್ಕಲಿಲ್ಲ.

ಇನ್ನೊಂದು ಕಥೆಯನ್ನು ಟೇಲರ್ ಕಾದಂಬರಿ ಮಾಡಲೇ ಇಲ್ಲ. ಸುರಪುರದ ಬಾಲರಾಜ ವೆಂಕಟಪ್ಪ ನಾಯಕನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತ ಬೆಳೆದವನು. 1853 ರಲ್ಲಿ ಟೇಲರ್ ಅವನಿಗೆ ರಾಜ್ಯವನ್ನು ಒಪ್ಪಿಸಿದ. 1858 ರಲ್ಲಿ ರಾಜನು ಇಂಗ್ಲಿಷರ ಮೇಲೆ ತಿರುಗಿಬಿದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದ. ಸೆರೆಮನೆಯಲ್ಲಿ ‘ಅಪ್ಪ’ನೇ ಬಂದು ಕಂಡ. ಕಾರಾಗೃಹವಾಸಕ್ಕೆಂದು ಚೆಂಗಲ್‌ಪಟ್ಟಿಗೆ ಒಯ್ಯುವಾಗ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನ ಪ್ರಾಣ ಹೋಯಿತು. ತಾನೇ ಹಾರಿಸಿಕೊಂಡನೆಂದು ದಾಖಲೆ. ಆ ದಂಗೆಯ ಕಾಲವನ್ನು ಕುರಿತ ‘ಸೀತಾ’ ಎಂಬ ಕಾದಂಬರಿಯನ್ನು ಟೇಲರ್ ಬರೆದ. ಅದರ ರಂಗಸ್ಥಳ ಉತ್ತರ ಹಿಂದೂಸ್ಥಾನ. ಸುರಪುರದ ವೃತ್ತಾಂತ ಉಳಿದಿರುವುದು ಆತನ ಆತ್ಮಕಥೆಯಲ್ಲಿ. ಅಲ್ಲಿ ಅಲಂಕಾರವಿಲ್ಲ, ಓದುವಾಗ ಗಂಟಲು ಕಟ್ಟುತ್ತದೆ. ಆದರೂ ಆಳಿದವನ ಕೈಬರಹ ಅದು ಎಂಬುದನ್ನು ಮರೆಯುವಂತಿಲ್ಲ.

ಮರುದಿನ ಆ ಹುಡುಗಿಗೆ ಹೇಳಿದೆ: “ಕತ್ತಿ ಹಿರಿದು ನಿಂತದ್ದನ್ನು ಆ ಕಾಲದವನೇ ಆದ ಫೆರಿಷ್ತಾ ಬರೆದಿದ್ದಾನೆ. ಬಂಗಾರದ ಗುಂಡು ಜನರ ಬಾಯಿಮಾತು. ಅಬ್ಬಾಸಖಾನ ಟೇಲರನ ಕಲ್ಪನೆ.” ಅವಳು ನೋಟುಬುಕ್ಕಿನಲ್ಲಿ ಮೂರನ್ನೂ ಬೇರೆ ಬೇರೆ ಸಾಲಾಗಿ ಬರೆದುಕೊಂಡು, “ನಮ್ಮ ಸುರಪುರದ ರಾಜಾಂದು ಯಾವ ಸಾಲಿನ್ಯಾಗ ಬರೀಲ್ರಿ?” ಎಂದಳು. ಆತ್ಮಕಥೆಯ ಆ ಪುಟಗಳನ್ನು ವಾರಕ್ಕೆ ಎರಡರಂತೆ ಕನ್ನಡಿಸಿ ಈಗ ತರಗತಿಯಲ್ಲಿ ಓದುತ್ತಿದ್ದೇನೆ.