ಗದಗ ಸೀಮೆಯಲ್ಲಿ ಅಪರಾಧ ತಡೆ: ತಳವಾರನ ಕಾವಲಿನಿಂದ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ

ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂದರೆ ಆಟೊದವರಿಗೆ ಮತ್ತೇನೂ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಲ್ಲೂ ಆ ಹೆಸರಿನ ಬಡಾವಣೆ ಇದೆ. ವಿಜಯಪುರ, ಸೊಲ್ಲಾಪುರ, ಬಾರಾಮತಿಗಳಲ್ಲೂ ಇಂಥ ವಸತಿಗಳಿದ್ದವು. ಇವು ಊರು ಬೆಳೆದಂತೆ ತಾವಾಗಿ ಹುಟ್ಟಿದ ಓಣಿಗಳಲ್ಲ. ಹುಟ್ಟಿನಿಂದಲೇ ಅಪರಾಧಿಗಳು ಎಂದು ಸರ್ಕಾರ ಪಟ್ಟಿ ಮಾಡಿದ ಜನರನ್ನು ತಂತಿ ಬೇಲಿಯೊಳಗೆ ಕೂಡಿಹಾಕಲು ಮುಂಬೈ ಪ್ರಾಂತದ ಆಡಳಿತ ಕಟ್ಟಿಸಿದ ಜಾಗಗಳು. ಕೊರವರು, ಹರಣಶಿಕಾರಿಗಳು, ಗಂಟಿಚೋರರು, ಛಪ್ಪರ್‌ಬಂದರು, ಕೈಕಾಡಿಗಳು, ಕಂಜರಭಾಟರು ಆ ಕಾಲದ ದಾಖಲೆಗಳಲ್ಲಿ ಮತ್ತೆಮತ್ತೆ ಕಾಣುವ ಹೆಸರುಗಳು. ಈ ಸೀಮೆಯಲ್ಲಿ ಅಪರಾಧ ತಡೆಯುವ ಆಲೋಚನೆ ಹೇಗೆ ಬೆಳೆಯಿತು ಎಂದು ಹುಡುಕಹೊರಟರೆ ಈ ಬೇಲಿಯನ್ನು ದಾಟದೆ ಮುಂದೆ ಹೋಗಲಾಗದು. ಕಳ್ಳತನವನ್ನು ಎಣಿಸಲು ಕಲಿತ ಆಡಳಿತ, ಈ ಜನಕ್ಕೆ ತಾನೇ ಮಾಡಿದ ಕೇಡನ್ನು ಎಣಿಸಲು ನೂರು ವರ್ಷ ತೆಗೆದುಕೊಂಡಿತು. ಆ ಎಣಿಕೆ ಇನ್ನೂ ಅರ್ಧವೂ ಆಗಿಲ್ಲ.

ಬೇಲಿಗೆ ಮುಂಚಿನ ಕಾವಲು ಊರಿನದೇ ಆಗಿತ್ತು. ತಳವಾರ, ಓಲೇಕಾರ, ಪೊಲೀಸ್ ಪಾಟೀಲ ಈ ಮೂವರ ಮೇಲೆ ಅದು ನಿಂತಿತ್ತು. ಕಳುವಾದರೆ ಹೆಜ್ಜೆ ಹಿಡಿದು ಮುಂದಿನ ಊರಿನ ಸೀಮೆಯವರೆಗೆ ಹೋಗುವುದು, ಅಲ್ಲಿಂದಾಚೆ ಜವಾಬ್ದಾರಿಯನ್ನು ಆ ಊರಿಗೆ ಒಪ್ಪಿಸುವುದು ಹಳೆಯ ಪದ್ಧತಿ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಈ ವ್ಯವಸ್ಥೆಯನ್ನು ಸರ್ಕಾರಿ ಚೌಕಟ್ಟಿಗೆ ತಂದಿತು. ಆದರೆ ಗದಗ ಸೀಮೆಯಲ್ಲಿ ಹೆಜ್ಜೆ ಹಿಡಿಯುವುದು ಸುಲಭವಿರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಮುಂಡರಗಿಯಿಂದ ಪೂರ್ವಕ್ಕೆ ಹೋದರೆ ನಿಜಾಮನ ಕೊಪ್ಪಳ, ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ. ಒಂದು ದಿನದ ನಡಿಗೆಯಲ್ಲಿ ನಾಲ್ಕಾರು ಆಡಳಿತಗಳು. ಗಡಿ ದಾಟಿ ಓಡುವವನಿಗೆ ಇದು ಅನುಕೂಲ, ನಿಜ. ಆದರೆ ಕತ್ತೆಯ ಮೇಲೆ ಉಪ್ಪು-ದವಸ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ ಕೊರವರಿಗೂ, ಎತ್ತಿನ ಹೇರು ಹೊಡೆಯುತ್ತಿದ್ದ ಲಂಬಾಣಿಗರಿಗೂ ಗಡಿ ದಾಟುವುದೇ ಬದುಕಾಗಿತ್ತು. ಪೊಲೀಸರ ಕಣ್ಣಿಗೆ ಈ ಎರಡು ಬಗೆಯ ಓಡಾಟ ಒಂದೇ ಆಗಿ ಕಂಡಿತು.

ಇದೇ ಹೊತ್ತಿಗೆ ಅವರ ಕಸುಬುಗಳು ಕುಸಿಯತೊಡಗಿದವು. 1884ರ ಸುಮಾರಿಗೆ ಗದಗಕ್ಕೆ ರೈಲು ಬಂತು. ಹತ್ತಿ, ಕಾಳುಕಡಿ, ಉಪ್ಪು ಬೋಗಿ ಹತ್ತಿದ ಮೇಲೆ ಹೇರಿನವರನ್ನು ಕೇಳುವವರಿಲ್ಲ. 1878ರ ಅರಣ್ಯ ಕಾಯ್ದೆಯ ನಂತರ ಕಾಡು ಸರ್ಕಾರದ್ದಾಗುತ್ತ ಹೋಯಿತು, ಬೇಟೆಯನ್ನೇ ನಂಬಿದ ಹರಣಶಿಕಾರಿಯ ಕುಲಕಸುಬು ಅಪರಾಧದ ಅಂಚಿಗೆ ಬಂತು. ಮೀನಾ ರಾಧಾಕೃಷ್ಣ ಮದ್ರಾಸ್ ಪ್ರಾಂತದ ಕೊರವರ ಕುರಿತು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿದ್ದಾರೆ: ಉಪ್ಪಿನ ನೀತಿ, ರೈಲು, ಕ್ಷಾಮ, ಆಮೇಲೆ ಕಳ್ಳರೆಂಬ ಪಟ್ಟ. ಗದಗ ಸೀಮೆಗೂ ಈ ವಿವರಣೆ ಬಹುಪಾಲು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದರೆ ಆ ಕಾಲದಲ್ಲಿ ಬರೆಯುತ್ತಿದ್ದವರು ಪೊಲೀಸ್ ಅಧಿಕಾರಿಗಳು. ಮದ್ರಾಸ್ ಪ್ರಾಂತಕ್ಕೆ 1892ರಲ್ಲಿ ಮುಲ್ಲಾಲಿ, ಮುಂಬೈ ಪ್ರಾಂತಕ್ಕೆ 1908ರಲ್ಲಿ ಮೈಕೆಲ್ ಕೆನಡಿ ‘ಅಪರಾಧಿ ವರ್ಗ’ಗಳ ಮೇಲೆ ಕೈಪಿಡಿಗಳನ್ನು ಬರೆದರು. ಯಾವ ಜಾತಿ ಎಲ್ಲಿ ವಾಸ, ಯಾವ ವೇಷ, ಯಾವ ಗುಪ್ತ ಭಾಷೆ, ಕನ್ನ ಹಾಕುವ ಬಗೆ ಯಾವುದು ಎಂದು ಠಾಣೆಯ ಬಳಕೆಗೆ ಬರುವಂತೆ ಜೋಡಿಸಿದ ಪುಸ್ತಕಗಳಿವು. ಅಪರಾಧ ತಡೆಯ ಅಧ್ಯಯನದ ಮೊದಲ ಘಟ್ಟ ಇಷ್ಟೇ. ಅಪರಾಧಕ್ಕೆ ಕಾರಣ ಹುಡುಕುವ ಬದಲು ಅಪರಾಧಿಯ ಜಾತಿ ಹುಡುಕುವ ಶಾಸ್ತ್ರ. ಜಾತಿ-ಬುಡಕಟ್ಟುಗಳ ಕುರಿತ ಥರ್ಸ್ಟನ್ನನ ಏಳು ಸಂಪುಟಗಳು 1909ರಲ್ಲಿ, ಎಂಥೋವನ್ನನ ಮೂರು ಸಂಪುಟಗಳು 1920ರಿಂದ 1922ರ ನಡುವೆ ಬಂದವು. ಅವುಗಳ ಹರಹು ದೊಡ್ಡದು, ಮದುವೆ, ದೇವರು, ಬೆಡಗುಗಳ ವಿವರವೂ ಅಲ್ಲಿದೆ. ಆದರೂ ಈ ಸಮುದಾಯಗಳ ಮಾತು ಬಂದಾಗ ಠಾಣೆಯ ಛಾಯೆ ಪೂರ್ತಿ ಅಳಿದಿಲ್ಲ.

ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಬಂದದ್ದು ಉತ್ತರ ಭಾರತಕ್ಕೆ, 1871ರಲ್ಲಿ. 1911ರ ಕಾಯ್ದೆಯ ನಂತರ ಮುಂಬೈ, ಮದ್ರಾಸ್ ಸೇರಿದಂತೆ ಎಲ್ಲ ಪ್ರಾಂತಗಳೂ ಅದರ ವ್ಯಾಪ್ತಿಗೆ ಬಂದವು, 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿದ ಹೊಸ ಕಾಯ್ದೆ ಜಾರಿಯಾಯಿತು. ಅದರ ಕಲಮುಗಳನ್ನು ಓದಿದರೆ ಇಂದಿಗೂ ಮೈ ನಡುಗುತ್ತದೆ. ಸರ್ಕಾರ ಒಂದು ಜಾತಿಯನ್ನು ಅಪರಾಧಿ ಬುಡಕಟ್ಟೆಂದು ಘೋಷಿಸಿದರೆ ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ. ನೋಂದಾಯಿತನಾದವನು ಬೆರಳಚ್ಚು ಕೊಡಬೇಕು, ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸ್ ಪಡೆಯಬೇಕು. ಪಟ್ಟಿ ಮಾಡಿದ ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ 7 ವರ್ಷ ಸೆರೆ, ಮೂರನೆಯ ಸಲಕ್ಕೆ ಆಜೀವ ಗಡೀಪಾರು. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಕಳಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಒಬ್ಬ ಕೊರವರ ಹೆಂಗಸಿನ ದಿನವನ್ನು ಈ ಕಲಮುಗಳ ನಡುವೆ ಇಟ್ಟು ನೋಡಬೇಕು. ಈಚಲು ಗರಿ ತರಲು ಹಳ್ಳದ ದಂಡೆಗೆ ಹೋಗಬೇಕು, ಕಸಬರಿಗೆ ಕಟ್ಟಬೇಕು, ಬುಟ್ಟಿ ಹೆಣೆಯಬೇಕು, ಸಂತೆಯ ದಿನ ಮಾರಬೇಕು. ಗರಿ ತರಲೂ ಮಾರಲೂ ಊರಾಚೆ ಕಾಲಿಡಬೇಕು. ಪಾಸ್ ಸಿಗುವುದು ತಡವಾದರೆ ಸಂತೆ ತಪ್ಪುತ್ತದೆ, ಪಾಸಿಲ್ಲದೆ ಹೋದರೆ ಹೋಗುವುದೇ ಅಪರಾಧ. ಹೀಗೆ ಕಾಯ್ದೆ ತಾನೇ ಹುಟ್ಟಿಸಿದ ಅಪರಾಧಗಳು ಠಾಣೆಯ ಲೆಕ್ಕಕ್ಕೆ ಸೇರಿ, ಈ ಜಾತಿ ಅಪರಾಧಿ ಎನ್ನುವುದಕ್ಕೆ ಪುರಾವೆಯಾದವು.

ಇಷ್ಟರ ನಡುವೆ ಓ.ಎಚ್.ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಹೆಸರು ಬರುತ್ತದೆ. ವಿಜಯಪುರದಲ್ಲಿ ಆರಂಭವಾದ ಸೆಟ್ಲಮೆಂಟ್ ಪ್ರಯೋಗವನ್ನು ಮುಂಬೈ ಪ್ರಾಂತದ ತುಂಬ ಹರಡಿದವರು ಅವರು. ಸರ್ಕಾರವೂ ಕ್ರೈಸ್ತ ಮಿಷನ್‌ಗಳೂ ಸೇರಿ ಈ ವಸತಿಗಳನ್ನು ನಡೆಸಿದವು. ಗಿರಣಿ, ರೈಲ್ವೆ ಕಾರ್ಖಾನೆ, ಅರಣ್ಯ ಕೂಲಿಗೆ ಜನರನ್ನು ಹಚ್ಚಿದರು, ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿದರು, ನಡತೆ ನೋಡಿ ಬೇಲಿಯ ಹೊರಗೆ ಮನೆ ಕೊಟ್ಟರು. ಸ್ಟಾರ್ಟ್ ಅವರ ನಂಬಿಕೆ ಸರಳವಾಗಿತ್ತು: ಹೊಟ್ಟೆಗೆ ಖಾಯಂ ದಾರಿ ಇದ್ದರೆ ಕಳ್ಳತನ ತಾನಾಗಿ ಇಳಿಯುತ್ತದೆ. ಈ ಮಾತು ಕೆನಡಿಯ ಕೈಪಿಡಿಗಿಂತ ನೂರು ಪಾಲು ಮೇಲು. ಆದರೆ ಅದರೊಳಗೊಂದು ವಿರೋಧವಿದೆ. ಕಳ್ಳತನ ಬಡತನದ ಫಲವಾದರೆ ಬೆರಳಚ್ಚು ಏಕೆ, ಹಾಜರಿ ಏಕೆ, ಬೇಲಿ ಏಕೆ? ಬೇಲಿಯೊಳಗಿನ ಕೂಲಿಗಾರ ಕೂಲಿಗೆ ಚೌಕಾಸಿ ಮಾಡಲಾರ, ಕೆಲಸ ಬಿಟ್ಟು ಹೋಗಲಾರ. ಗಿರಣಿಗಳಿಗೆ ಇದಕ್ಕಿಂತ ಅನುಕೂಲದ ಆಳು ಎಲ್ಲಿ ಸಿಕ್ಕಾರು? ಅದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿ, ಸಾಲದ ಸುಳಿಗೆ ಊರವರೇ ಉತ್ತರ ಕಂಡುಕೊಳ್ಳಬಹುದೆಂದು ತೋರಿಸಿದ್ದರು. ಆ ನಂಬಿಕೆಯನ್ನು ಬೇಲಿಯೊಳಗಿನವರ ಮೇಲೆ ಯಾರೂ ಇಡಲಿಲ್ಲ.

ಸ್ಟಾರ್ಟ್ ಮುಂದೆ ಮುಂಬೈ ಪ್ರಾಂತದ ದಲಿತ ವರ್ಗಗಳ ಸ್ಥಿತಿಗತಿಯ ಸಮಿತಿಗೆ ಅಧ್ಯಕ್ಷರಾದರು. 1930ರಲ್ಲಿ ವರದಿ ಕೊಟ್ಟ ಆ ಸಮಿತಿಯಲ್ಲಿ ಅಂಬೇಡ್ಕರ್, ಠಕ್ಕರ್ ಬಾಪಾ ಇಬ್ಬರೂ ಸದಸ್ಯರು. 1937ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕೆ.ಎಂ. ಮುನ್ಷಿ ಅವರ ಸಮಿತಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನೇ ಪರಿಶೀಲನೆಗೆ ಎತ್ತಿಕೊಂಡಿತು. ಮುಂಬೈ ಪ್ರಾಂತ 1949ರಲ್ಲಿ ಕಾಯ್ದೆಯನ್ನು ತೆಗೆದುಹಾಕಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಅದು ರದ್ದಾಯಿತು. ಈ ಜನ ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ.

ಬೇಲಿ ಬಿತ್ತು, ಕಡತ ಉಳಿಯಿತು. ಜಾತಿಯ ಹೆಸರು ಹೇಳದೆ ‘ರೂಢಿಗತ ಅಪರಾಧಿ’ ಎಂದು ವ್ಯಕ್ತಿಯನ್ನು ಗುರುತಿಸುವ ಕಾಯ್ದೆಗಳು ರಾಜ್ಯಗಳಲ್ಲಿ ಬಂದವು, ನಮ್ಮಲ್ಲಿ 1961ರಲ್ಲಿ. ಕಾಗದದ ಮೇಲೆ ಇದು ದೊಡ್ಡ ಬದಲಾವಣೆಯೇ. ಆದರೆ ಠಾಣೆಯಲ್ಲಿ ಹಿಸ್ಟರಿ ಶೀಟ್ ಎಂಬ ನಿಗಾ ಕಡತ ತೆರೆಯುವ ಕೈಗೆ ಯಾವ ಓಣಿಯ ಹೆಸರು ಮೊದಲು ನೆನಪಾಗುತ್ತದೆ ಎಂಬುದನ್ನು ಯಾವ ರದ್ದತಿ ಕಾಯ್ದೆಯೂ ಬದಲಿಸಲಾರದು. ರೂಢಿಗತ ಅಪರಾಧಿ ಕಾಯ್ದೆಗಳನ್ನು ಕೈಬಿಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ, ಜನಾಂಗೀಯ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಸಮಿತಿ 2007ರಲ್ಲಿ ಹೇಳಿದವು.

ಸ್ವಾತಂತ್ರ್ಯಾನಂತರದ ಬರಹ ಬಹುಕಾಲ ಪಟ್ಟಿಗಳ ಸುತ್ತ ಸುತ್ತಿತು. ಕಾಲೇಲ್ಕರ್ ಆಯೋಗ, 1965ರ ಲೋಕೂರ್ ಸಮಿತಿ, 1975ರ ಹಾವನೂರು ವರದಿ ಎಲ್ಲದರ ಪ್ರಶ್ನೆಯೂ ಯಾರನ್ನು ಎಲ್ಲಿ ಸೇರಿಸಬೇಕು ಎಂಬುದೇ. ಇವತ್ತು ಗಂಟಿಚೋರ್, ಕೊರಮ-ಕೊರವ, ಭೋವಿ, ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿ, ಹರಣಶಿಕಾರಿ-ಪಾರ್ಧಿಗಳು ಪರಿಶಿಷ್ಟ ಪಂಗಡದಲ್ಲಿ, ಛಪ್ಪರ್‌ಬಂದರು ಹಿಂದುಳಿದ ವರ್ಗದಲ್ಲಿ. ಒಂದೇ ಕಾಯ್ದೆಯ ಏಟು ತಿಂದವರು ಬೇರೆಬೇರೆ ಸಾಲಿನಲ್ಲಿ ನಿಂತಿದ್ದಾರೆ. ಮುಂಬೈ ಕರ್ನಾಟಕದಲ್ಲಿ ಇದಕ್ಕೊಂದು ಹೆಚ್ಚಿನ ತೊಡಕೂ ಇತ್ತು. ಒಂದು ಜಿಲ್ಲೆಯಲ್ಲಿ ಪರಿಶಿಷ್ಟನಾದವನು ಇನ್ನೊಂದರಲ್ಲಿ ಅಲ್ಲ ಎಂಬ ಪ್ರದೇಶ ನಿರ್ಬಂಧವನ್ನು 1976ರ ತಿದ್ದುಪಡಿ ಬಹುಮಟ್ಟಿಗೆ ತೆಗೆಯಿತು. ಶಾಲೆಗೆ ಸೇರುವ ಗಂಟಿಚೋರರ ಹುಡುಗಿಯ ಪ್ರಮಾಣಪತ್ರದಲ್ಲಿ ‘ಚೋರ್’ ಎಂಬ ಅಕ್ಷರ ಇಂದಿಗೂ ಮುದ್ರಣವಾಗುತ್ತಿದೆ. ಮೀಸಲಾತಿ ಬೇಕೆಂದರೆ ಅದನ್ನು ತೋರಿಸಲೇಬೇಕು.

ಈ ಜನ ತಾವೇ ಬರೆಯತೊಡಗಿದಾಗ ಕ್ಷೇತ್ರದ ದಿಕ್ಕು ನಿಜವಾಗಿ ತಿರುಗಿತು. ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆ ಅವರ ‘ಉಪರಾ’ಕ್ಕೆ 1981ರಲ್ಲಿ, ಲಕ್ಷ್ಮಣ ಗಾಯಕವಾಡ ಅವರ ‘ಉಚಲ್ಯಾ’ಕ್ಕೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಮರಾಠಿ ಆತ್ಮಕಥೆಗಳು, ಕನ್ನಡಕ್ಕೂ ಬಂದಿವೆ. ಪೊಲೀಸರು ಗುಡಿಸಲಿಗೆ ನುಗ್ಗಿದಾಗ ಒಳಗಿದ್ದ ಮಗುವಿನ ಕಣ್ಣಿಗೆ ಕಂಡದ್ದೇನು ಎಂಬುದನ್ನು ಯಾವ ಆಯೋಗದ ವರದಿಯೂ ಹೀಗೆ ದಾಖಲಿಸಿರಲಿಲ್ಲ. 1998ರಲ್ಲಿ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಪೊಲೀಸರ ವಶದಲ್ಲಿ ಸತ್ತ ಮೇಲೆ ಮಹಾಶ್ವೇತಾದೇವಿ, ಗಣೇಶ ದೇವಿ ಮುಂತಾದವರು ವಿಮುಕ್ತ ಸಮುದಾಯಗಳ ಹಕ್ಕಿನ ಸಂಘಟನೆ ಕಟ್ಟಿದರು. ಕನ್ನಡದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನವೂ ಅರುಣ್ ಜೋಳದಕೂಡ್ಲಿಗಿ ಅವರು ಗಂಟಿಚೋರರ ಕುರಿತು ನಡೆಸಿದ ಅಧ್ಯಯನವೂ ಈ ಓಣಿಗಳ ಒಳಗಿನ ಮಾತನ್ನು ಹೊರತಂದಿವೆ. ರಾಷ್ಟ್ರ ಮಟ್ಟದಲ್ಲಿ ರೇಣಕೆ ಆಯೋಗ 2008ರಲ್ಲಿ ವರದಿ ನೀಡಿತು, ಅದಾದ ಕೆಲವು ವರ್ಷಗಳಿಗೆ ಇದಾತೆ ಆಯೋಗವೂ ಬಂತು.

ಇಲ್ಲಿ ತಮ್ಮ ಕಾವಲನ್ನು ತಾವೇ ಕಟ್ಟಿಕೊಂಡ ಅಮೆರಿಕದ ಚೆರೋಕಿ ಮೂಲನಿವಾಸಿ ಜನರ ಕಥೆ ನೆನಪಿಗೆ ಬರುತ್ತದೆ. 1808ರಲ್ಲೇ ಅವರ ಸಭೆ ತಮ್ಮದೇ ಕುದುರೆ ಕಾವಲುಪಡೆಯನ್ನು ಕಟ್ಟಿತು. ಕುಲಕುಲಗಳ ನಡುವಿನ ಸೇಡಿನ ಕೊಲೆಗೆ ಕಡಿವಾಣ ಹಾಕಿದ್ದೂ ಅವರದೇ ಸಭೆ. ಆಮೇಲೆ ತಮ್ಮ ನ್ಯಾಯಾಲಯ, ತಹ್ಲೆಕ್ವಾ ಪಟ್ಟಣದಲ್ಲಿ ತಮ್ಮದೇ ಸೆರೆಮನೆ ಮಾಡಿಕೊಂಡರು. 1898ರ ಕಾಯ್ದೆಯೊಂದು ಆ ನ್ಯಾಯಾಲಯಗಳನ್ನು ಮುಚ್ಚಿಸಿತು. 2020ರಲ್ಲಿ ಮೆಕ್‌ಗರ್ಟ್ ಪ್ರಕರಣದ ತೀರ್ಪು ನೆರೆಯ ಮಸ್ಕೋಗಿ ಜನರ ಮೀಸಲು ಪ್ರದೇಶ ಇನ್ನೂ ಊರ್ಜಿತವೆಂದು ಹೇಳಿತು. 2021ರಲ್ಲಿ ಒಕ್ಲಹೋಮಾದ ನ್ಯಾಯಾಲಯ ಅದನ್ನೇ ಚೆರೋಕಿ ನೆಲಕ್ಕೂ ಅನ್ವಯಿಸಿತು. ಅವರ ಪೊಲೀಸ್, ಅವರ ಕೋರ್ಟು ಈಗ ಮತ್ತೆ ಬೆಳೆಯುತ್ತಿವೆ. ನಮ್ಮ ಕೊರವರಿಗೂ ಹರಣಶಿಕಾರಿಗಳಿಗೂ ಕುಲಪಂಚಾಯತಿ ಇತ್ತು. ಅದು ಹೆಂಗಸರ ಮೇಲೆ ಹೊರಿಸುತ್ತಿದ್ದ ಭಾರ ಸಣ್ಣದಲ್ಲ, ಅದನ್ನು ಹೊಗಳಬೇಕಿಲ್ಲ. ಆದರೂ ಸೆಟ್ಲಮೆಂಟ್ ಆಡಳಿತ ತನ್ನ ಹಾಜರಿ ಪುಸ್ತಕ ತಂದಾಗ, ತಮ್ಮ ಓಣಿಯ ತಪ್ಪುಒಪ್ಪನ್ನು ತಾವೇ ತೂಗುವ ಅಧಿಕಾರ ಈ ಜನರ ಕೈಯಿಂದ ಜಾರಿತು. ಚೆರೋಕಿಗಳು ಮರಳಿ ಕೇಳಿ ಪಡೆದದ್ದನ್ನು ಇಲ್ಲಿ ಯಾರೂ ಕೇಳಲೂ ಇಲ್ಲ.

ಅಪರಾಧ ಶಾಸ್ತ್ರದಲ್ಲಿ ಈಗ ಸಾಮಾಜಿಕ ಕೇಡಿನ ಅಧ್ಯಯನ ಎಂಬ ಶಾಖೆ ಬೆಳೆದಿದೆ. ಬ್ರಿಟನ್ನಿನ ಪ್ಯಾಡಿ ಹಿಲ್ಯರ್ಡ್, ಸ್ಟೀವ್ ಟೂಂಬ್ಸ್ ಮತ್ತಿತರರು 2004ರಲ್ಲಿ ಸಂಪಾದಿಸಿದ ಪುಸ್ತಕ ಅದಕ್ಕೆ ಬುನಾದಿ ಹಾಕಿತು. ಕಾನೂನು ಯಾವುದನ್ನು ಅಪರಾಧ ಎನ್ನುತ್ತದೆ ಎಂಬುದರಿಂದ ಹೊರಡದೆ, ಜನಕ್ಕೆ ನಿಜವಾಗಿ ಪೆಟ್ಟು ಕೊಡುವುದು ಯಾವುದು ಎಂಬುದರಿಂದ ಅವರು ಹೊರಡುತ್ತಾರೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಠಾಣೆಯ ಅಂಕಿಗಳಲ್ಲಿ ಸಿಗುವುದಿಲ್ಲ. ಮೀಟರ್ ಬಡ್ಡಿಗೆ ಸಿಕ್ಕು ಊರು ಬಿಟ್ಟ ಕುಟುಂಬ, 2007ರ ಸಾರಾಯಿ ನಿಷೇಧದ ನಂತರವೂ ನಿಲ್ಲದ ಕುಡಿತ, ಓ.ಸಿ. ಮಟಕಾಕ್ಕೆ ಹೋಗುವ ದಿನಗೂಲಿ, ಗುಳೆ ಹೋದ ತಂದೆತಾಯಿಯ ಹಿಂದೆ ಶಾಲೆ ತಪ್ಪಿಸುವ ಮಕ್ಕಳು, ಹಕ್ಕುಪತ್ರವಿಲ್ಲದ ಮನೆ: ಇವನ್ನು ಒಂದೆಡೆ ಎಣಿಸಿದ ಸಮೀಕ್ಷೆ ಈ ಸೀಮೆಗೆ ತುರ್ತಾಗಿ ಬೇಕು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡ ಉಳಿಯಬೇಕಾದದ್ದೇ. ಆದರೆ ಅದರ ಸುತ್ತ ಸೊಪ್ಪು, ಸೌದೆ, ಮೇವಿಗೆ ಅಲೆಯುವವರಿಗೆ ಬೇರೆ ದಾರಿ ತೋರಿಸದೆ ಗಡಿಕಲ್ಲು ಮಾತ್ರ ನೆಟ್ಟರೆ 1878ರ ಅರಣ್ಯ ಕಾಯ್ದೆಯ ಪಾಠವನ್ನೇ ಮತ್ತೆ ಬರೆದಂತೆ.

ನ್ಯಾಯಾಲಯಗಳು ಈಚೆಗೆ ಎಚ್ಚೆತ್ತಿವೆ. ಹಿಂದುಳಿದ ಸಮುದಾಯದವರೆಂಬ ಕಾರಣಕ್ಕೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯಬಾರದೆಂದು 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ, ಜೈಲಿನ ಜಾತಿವಾರು ಕೆಲಸ ಹಂಚಿಕೆಯನ್ನು ರದ್ದುಗೊಳಿಸಿತು. ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೂ ಆ ತೀರ್ಪಿನಲ್ಲೇ ಸೂಚಿಸಿತು. ಇತ್ತ ಕರ್ನಾಟಕದಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ 59 ಸಣ್ಣ ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕ ಶೇ. 1ರ ಒಳಮೀಸಲಾತಿ ಶಿಫಾರಸು ಮಾಡಿತು. ಸಂಪುಟ ಅವನ್ನು ಶೇ. 5ರ ದೊಡ್ಡ ಗುಂಪಿನೊಳಗೆ ಸೇರಿಸಿತು, ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ಅವರ ಬೇಡಿಕೆ ನ್ಯಾಯದ್ದು, ಅದರ ಪರ ಮಾತಾಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಅದರ ಜತೆಗೆ ಗದಗ ಜಿಲ್ಲೆಯಲ್ಲೇ ಆಗಬಹುದಾದ ಕೆಲಸವೂ ಇದೆ. ಪ್ರತಿ ಠಾಣೆಯಲ್ಲಿ ತೆರೆದಿರುವ ಹಿಸ್ಟರಿ ಶೀಟ್‌ಗಳನ್ನು ಆ ತೀರ್ಪುಗಳ ಬೆಳಕಿನಲ್ಲಿ ಪರಿಶೀಲಿಸಬೇಕು. ಪರಿಶೀಲನೆಯಲ್ಲಿ ಸೆಟ್ಲಮೆಂಟಿನ ಹಿರಿಯರೂ ವಕೀಲರೂ ಕೂಡಬೇಕು. ಪ್ರಕರಣವೇ ಇಲ್ಲದವರ ಹೆಸರನ್ನು ತೆಗೆದು, ತೆಗೆದದ್ದನ್ನು ಅವರಿಗೆ ಲಿಖಿತವಾಗಿ ತಿಳಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಒಂದು ಆದೇಶ ಸಾಕು.